ಹೆಲಿಕಾಪ್ಟರ್ ಬಾಡಿಗೆಗೋ, ಸ್ವಂತಕ್ಕೋ? ಕಂಪನಿಗಳು ಕೈ ಹಾಕುವ ಮುನ್ನ ನೋಡಬೇಕಾದ ಲೆಕ್ಕ

ಡಿಸೆಂಬರ್ ತಿಂಗಳು, ಬೆಳಗ್ಗೆ ಆರೂಮುಕ್ಕಾಲು. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದ ಹ್ಯಾಂಗರ್ ಮುಂದೆ ನಾವು ನಾಲ್ವರು ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಿಂತಿದ್ದೆವು. ಒಂಬತ್ತಕ್ಕೆ ಸಂಡೂರು ಕಡೆಯ ನಮ್ಮ ಕಾರ್ಖಾನೆಯಲ್ಲಿ ಬ್ಯಾಂಕಿನವರ ಜೊತೆ ಸಭೆ. ಬಾಡಿಗೆ ಹೆಲಿಕಾಪ್ಟರ್ ಇಂಧನ ತುಂಬಿಸಿಕೊಂಡು ಬಾಗಿಲು ತೆರೆದು ನಿಂತಿದೆ. ಸುತ್ತ ಮಾತ್ರ ಹಾಲಿನಂಥ ಮಂಜು. ನಮ್ಮ ಎಂಡಿ ಎರಡು ಸಲ ಗಡಿಯಾರ ನೋಡಿ, ಮೂರನೇ ಸಲ ಕೇಳಿಯೇಬಿಟ್ಟರು: "ಏನ್ ಕ್ಯಾಪ್ಟನ್, ಹೊರಡೋಣ್ವಾ?"

ಪೈಲಟ್ ವಾಯುಪಡೆಯಿಂದ ನಿವೃತ್ತರಾದವರು. ಪೇಪರ್ ಕಪ್ಪಿನ ಕಾಫಿ ಹಿಡಿದುಕೊಂಡೇ ಹೇಳಿದರು: "ಸರ್, ಅಲ್ಲಿ ರನ್‌ವೇ ಆಚೆ ಒಂದು ನೀರಿನ ಟ್ಯಾಂಕ್ ಇದೆ. ನಿಮಗೆ ಕಾಣ್ತಿದೆಯಾ?"

"ಇಲ್ಲ."

"ನನಗೂ ಕಾಣ್ತಿಲ್ಲ. ಅದರ ಏಣಿ ಕಂಡಾಗ ಹೊರಡೋಣ."

ಏಣಿ ಕಂಡಿದ್ದು ಎಂಟೂ ಇಪ್ಪತ್ತಕ್ಕೆ. ಸಭೆ ತಡವಾಯಿತು, ಬ್ಯಾಂಕಿನವರು ಕಾದರು, ಕೆಲಸವೂ ಆಯಿತು. ಕಂಪನಿಯ ಓಡಾಟದ ವ್ಯವಸ್ಥೆ ನೋಡಿಕೊಳ್ಳುವ ಕೆಲಸದಲ್ಲಿ ನಾನು ಎಷ್ಟೋ ಕೊಟೇಶನ್ ತರಿಸಿದ್ದೇನೆ, ಎಷ್ಟೋ ದರ ಹೋಲಿಸಿದ್ದೇನೆ. ಆದರೆ ಬಾಡಿಗೆ, ವರ್ಷದ ಕರಾರು, ಸ್ವಂತ ಎಂಬ ಆಯ್ಕೆಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂದು ನನಗೆ ಗೊತ್ತಾಗಿದ್ದು ಆ ಬೆಳಗ್ಗೆ. ಕಂಪನಿಗೆ ಹೆಲಿಕಾಪ್ಟರ್ ಬೇಕು ಅನ್ನಿಸಿದವರು ದುಡ್ಡಿನ ಲೆಕ್ಕ ಹಾಕಲೇಬೇಕು, ಅದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಇದೆ: ಈ ವ್ಯವಸ್ಥೆಯಲ್ಲಿ ಪೈಲಟ್ "ಇವತ್ತು ಬೇಡ" ಎಂದರೆ ಅವನ ಮಾತು ನಡೆಯುತ್ತದೆಯೇ?

ಮೊದಲು ನಕ್ಷೆ ಹರಡಿ

ಎಲ್ಲರೂ ದರ ಕೇಳುವುದರಿಂದ ಶುರು ಮಾಡುತ್ತಾರೆ. ದೂರದಿಂದ ಶುರು ಮಾಡಿ. ಬೆಂಗಳೂರಿನಿಂದ ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗೆ ಹೆಲಿಕಾಪ್ಟರ್ ಯೋಚನೆಯೇ ಬೇಡ. ವಿಮಾನ ಇದೆ, ಅದೇ ಬೇಗ, ಅದೇ ಅಗ್ಗ. ಕಲಬುರಗಿಗೆ 2019ರಲ್ಲಿ, ಬೀದರಿಗೆ 2020ರಲ್ಲಿ, ಶಿವಮೊಗ್ಗಕ್ಕೆ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಹೆಲಿಕಾಪ್ಟರಿಗೆ ನಿಜವಾಗಿ ಕೆಲಸ ಇರುವ ಊರುಗಳ ಪಟ್ಟಿ ಇನ್ನೂ ಚಿಕ್ಕದಾಗಿದೆ.

ಒಂಟಿ ಎಂಜಿನ್ನಿನ ಟರ್ಬೈನ್ ಹೆಲಿಕಾಪ್ಟರ್, ಅಂದರೆ ಬೆಲ್ 407 ಅಥವಾ ಏರ್‌ಬಸ್ ಎಚ್125 ಥರದ್ದು, ಗಂಟೆಗೆ 220ರಿಂದ 245 ಕಿಲೋಮೀಟರ್ ಹೋಗುತ್ತದೆ. ಟ್ಯಾಂಕ್ ತುಂಬಿದರೆ ಹೆಚ್ಚುಕಡಿಮೆ 600 ಕಿಲೋಮೀಟರ್. ಹಾಗಾಗಿ 100ರಿಂದ 300 ಕಿಲೋಮೀಟರಿನ ಒಳಗೆ, ವಿಮಾನ ಇಳಿಯದ, ರಸ್ತೆಯಲ್ಲಿ ಹೋದರೆ ಅರ್ಧ ದಿನ ತಿನ್ನುವ ಜಾಗಗಳೇ ಇದರ ಕ್ಷೇತ್ರ. ಸಂಡೂರು, ಕೊಪ್ಪಳ, ಚಿತ್ರದುರ್ಗದ ಆಸುಪಾಸು, ಹಾಸನ, ಚಿಕ್ಕಮಗಳೂರು. ನಮ್ಮ ಕಾರ್ಖಾನೆ ಜಕ್ಕೂರಿನಿಂದ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರ್. ರಸ್ತೆಯಲ್ಲಿ ಆರು ಗಂಟೆ, ಗಾಳಿಯಲ್ಲಿ ಒಂದು ಗಂಟೆ ಏಳೆಂಟು ನಿಮಿಷ. ಹತ್ತಿರದಲ್ಲೇ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣವಿದೆ. ವಿಮಾನದ ವೇಳೆ ನಮಗೆ ಹೊಂದುವ ದಿನ ಇವತ್ತಿಗೂ ಹೆಲಿಕಾಪ್ಟರ್ ಕರೆಸುವುದಿಲ್ಲ.

ಮಲೆನಾಡಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಚಿಕ್ಕಮಗಳೂರಿನ ತೋಟಕ್ಕೆ ಸುಮಾರು 200 ಕಿಲೋಮೀಟರ್, ಗಂಟೆಯೊಳಗೆ ತಲುಪಬಹುದು, ಕಾಗದದ ಮೇಲೆ ಚೆನ್ನಾಗಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಮೋಡ ಕೂತರೆ ಏಳುವುದಿಲ್ಲ. ವರ್ಷದ ನಾಲ್ಕು ತಿಂಗಳು ನಂಬಲಾಗದ ವಾಹನಕ್ಕೆ ಹನ್ನೆರಡು ತಿಂಗಳ ಬಂಡವಾಳ ಹಾಕಬೇಡಿ. ಘಟ್ಟದ ಕಡೆಯ ವ್ಯವಹಾರಕ್ಕೆ ಬಾಡಿಗೆಯೇ ಸರಿ, ಅದೂ ಚಳಿಗಾಲ, ಬೇಸಿಗೆಯಲ್ಲಿ ಮಾತ್ರ.

ಊರೊಳಗಿನ ಓಡಾಟದ ಆಸೆಯೂ ಹಲವರಿಗಿದೆ. 2018ರಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಟ್ಯಾಕ್ಸಿ ಶುರುವಾಯಿತು, ಹದಿನೈದು ನಿಮಿಷದ ಹಾರಾಟ. ಅದು ಬಹುಕಾಲ ನಡೆಯಲಿಲ್ಲ. 2022ರಲ್ಲಿ ಎಚ್‌ಎಎಲ್ ನಿಲ್ದಾಣ ಮತ್ತು ಕೆಂಪೇಗೌಡ ನಿಲ್ದಾಣದ ನಡುವೆ ಹನ್ನೆರಡು ನಿಮಿಷದ ಸೇವೆ, ಸೀಟಿಗೆ 3,250 ರೂಪಾಯಿ ಮತ್ತು ತೆರಿಗೆ ಎಂದು ಇನ್ನೊಂದು ಸಂಸ್ಥೆ ಬಂತು. ಕಚೇರಿಯಿಂದ ಹೆಲಿಪ್ಯಾಡಿಗೆ ಹೋಗುವ ಟ್ರಾಫಿಕ್ಕನ್ನು ಲೆಕ್ಕಕ್ಕೆ ಸೇರಿಸಿದರೆ ಉಳಿಯುವ ಸಮಯ ಎಷ್ಟೆಂದು ನಿಮಗೇ ಗೊತ್ತಾಗುತ್ತದೆ. ಇಂಥ ಸೇವೆ ಸಿಕ್ಕ ದಿನ ಬಳಸಿ, ಅದನ್ನು ನಂಬಿ ಕ್ಯಾಲೆಂಡರ್ ಹಾಕಬೇಡಿ.

ಇರುವ ದಾರಿಗಳು

ಸೀಟು ಕೊಳ್ಳುವುದು ಒಂದು. ಇಡೀ ಹೆಲಿಕಾಪ್ಟರನ್ನು ಆ ದಿನಕ್ಕೆ ಬಾಡಿಗೆ ಹಿಡಿಯುವುದು ಎರಡು. ವರ್ಷಕ್ಕೆ ಇಷ್ಟು ಗಂಟೆ ಎಂದು ಒಬ್ಬನೇ ಆಪರೇಟರ್ ಜೊತೆ ಕರಾರು ಮಾಡಿಕೊಳ್ಳುವುದು ಮೂರು. ಕೊಂಡು, ಬಾಡಿಗೆ ಓಡಿಸುವ ಪರವಾನಗಿ ಇರುವ ಆಪರೇಟರ್ ಕೈಗೆ ಒಪ್ಪಿಸುವುದು ನಾಲ್ಕು. ಕೊಂಡು, ನಾವೇ ಪೈಲಟ್ ಇಟ್ಟು ಓಡಿಸುವುದು ಐದು.

ಈ ಐದನ್ನೂ ಬೇರ್ಪಡಿಸುವ ಗೆರೆ ಒಂದು ಪರವಾನಗಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವ ಸಂಸ್ಥೆಗಳಿಗೆ ಎನ್‌ಎಸ್‌ಒಪಿ ಎಂಬ ಪರವಾನಗಿ ಕೊಡುತ್ತದೆ. ಸ್ವಂತ ಬಳಕೆಗೆಂದು ನೋಂದಾಯಿಸಿದ ಹೆಲಿಕಾಪ್ಟರನ್ನು ಬಾಡಿಗೆಗೆ ಬಿಡುವಂತಿಲ್ಲ. "ನಮ್ಮ ಸ್ನೇಹಿತರದ್ದು ಒಂದಿದೆ, ಖರ್ಚು ಕೊಟ್ಟರೆ ಸಾಕು" ಎಂಬ ಮಾತು ನಿಮಗೂ ಕೇಳಿಬರುತ್ತದೆ. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಅದು ಕಾನೂನಿಗೆ ವಿರುದ್ಧ. ಏನಾದರೂ ಆದರೆ ವಿಮಾ ಕಂಪನಿ ಕೈ ಎತ್ತಲು ಅದೊಂದೇ ಕಾರಣ ಸಾಕು, ಆಗ ಒಳಗೆ ಕೂತಿದ್ದವರ ಮನೆಯವರು ಬೀದಿಗೆ ಬೀಳುತ್ತಾರೆ.

ಹೆಲಿಕಾಪ್ಟರ್ ಬಾಡಿಗೆ ನಮಗೆ ಹೊಸದೇನಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಗ್ಗದ ವಿಮಾನದ ಕನಸಿಗೆ ಮೊದಲು, 1990ರ ದಶಕದಲ್ಲಿ, ಇದೇ ಜಕ್ಕೂರಿನಿಂದ ಹೆಲಿಕಾಪ್ಟರ್ ಬಾಡಿಗೆಯ ಕಂಪನಿ ನಡೆಸಿದವರು. ಆಗಿನಿಂದ ಈ ಊರಿಗೆ ಒಳ್ಳೆಯ ಪೈಲಟ್‌ಗಳೂ ಎಂಜಿನಿಯರ್‌ಗಳೂ ಬಂದು ನೆಲೆಸಿದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆ ಹಿಡಿಯುವವರಿಗೆ ಇದೊಂದು ಅನುಕೂಲ.

ದುಡ್ಡಿನ ಲೆಕ್ಕ

ಈಗ ಎಲ್ಲರೂ ಕೇಳುವ ಪ್ರಶ್ನೆ. ಕೆಳಗಿನ ಅಂಕಿಗಳು ನಾನು ಕೊಟೇಶನ್‌ಗಳನ್ನು ಇಟ್ಟುಕೊಂಡು ಹಾಕಿದ ಅಂದಾಜು. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಒಂಟಿ ಎಂಜಿನ್ ಟರ್ಬೈನಿಗೆ ಗಂಟೆಗೆ ಒಂದೂವರೆ ಲಕ್ಷ ಬಾಡಿಗೆ ಎಂದು ಇಟ್ಟುಕೊಳ್ಳಿ. ಸಂಡೂರಿಗೆ ಹೋಗಿ ಬರಲು ಎರಡೂಕಾಲು ಗಂಟೆ, ಅಂದರೆ ಸುಮಾರು 3 ಲಕ್ಷ 38 ಸಾವಿರ. ಇದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಒಟ್ಟು 4 ಲಕ್ಷದ ಹತ್ತಿರ. ಸೀಟು ಹಂಚಿಕೊಂಡು ಹೋಗುವ ಸೇವೆಗೆ ಜಿಎಸ್‌ಟಿ 5 ಪರ್ಸೆಂಟ್, ಇಡೀ ಹೆಲಿಕಾಪ್ಟರ್ ಹಿಡಿದರೆ 18 ಎಂದು ಜಿಎಸ್‌ಟಿ ಮಂಡಳಿ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟ ಮಾಡಿದೆ.

ಈ ಗಂಟೆಯ ದರದ ಹಿಂದೆ ಅಡಗಿರುವುದನ್ನು ಮೊದಲೇ ಕೇಳಿ. ಬಹುಪಾಲು ಆಪರೇಟರ್‌ಗಳು ದಿನಕ್ಕೆ ಕನಿಷ್ಠ ಎರಡು ಗಂಟೆಯ ಬಿಲ್ ಹಾಕುತ್ತಾರೆ. ನಲವತ್ತು ನಿಮಿಷದ ಕೆಲಸಕ್ಕೆ ಕರೆದರೂ ಎರಡು ಗಂಟೆ. ಹೆಲಿಕಾಪ್ಟರ್ ಹೈದರಾಬಾದಿನಲ್ಲೋ ಮುಂಬೈಯಲ್ಲೋ ಇದ್ದರೆ ಅದು ಖಾಲಿ ಬಂದು ಖಾಲಿ ಹೋಗುವ ಗಂಟೆಗಳೂ ನಿಮ್ಮ ಖಾತೆಗೇ. ರಾತ್ರಿ ಅಲ್ಲೇ ನಿಂತರೆ ಪೈಲಟ್, ಎಂಜಿನಿಯರ್‌ಗೆ ವಸತಿ, ಕಾವಲು. ಬೆಂಗಳೂರಿನಲ್ಲೇ ನಿಲ್ಲುವ ಯಂತ್ರ ಗಂಟೆಗೆ ಹದಿನೈದು ಸಾವಿರ ಜಾಸ್ತಿ ಹೇಳಿದರೂ ಕೊನೆಗೆ ಅದೇ ಅಗ್ಗವಾಗುತ್ತದೆ.

ಚುನಾವಣೆ ಬಂತೆಂದರೆ ಮಾತ್ರ ಈ ದರಗಳನ್ನೆಲ್ಲ ಮರೆತುಬಿಡಿ. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲಿ ಪಕ್ಷಗಳು ಒಂದೂವರೆ, ಎರಡು ತಿಂಗಳಿಗೆ ಮುಂಗಡ ಕೊಟ್ಟು ಹಿಡಿದಿಟ್ಟುಕೊಂಡವು. ಕಂಪನಿಗಳಿಗೆ ಸಿಕ್ಕಿದ್ದು ಉಳಿದದ್ದು, ದುಬಾರಿಯದ್ದು. ವರ್ಷದ ಕರಾರು ಇದ್ದವರಿಗೆ ಆಗ ಅದರ ಬೆಲೆ ಗೊತ್ತಾಯಿತು.

ಇನ್ನು ಸ್ವಂತದ್ದು. ಇದೇ ವರ್ಗದ ಹೊಸ ಹೆಲಿಕಾಪ್ಟರ್ 30 ಕೋಟಿ ಎಂದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ಹೆಲಿಕಾಪ್ಟರಿಗೆ ಜಿಎಸ್‌ಟಿ 40 ಪರ್ಸೆಂಟ್. ಅಂದರೆ 12 ಕೋಟಿ ತೆರಿಗೆಯೇ ಆಯಿತು, 42 ಕೋಟಿ. ಸ್ವಂತ ಓಡಾಟದ ವಿಮಾನ, ಹೆಲಿಕಾಪ್ಟರಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ, ಅಂದರೆ ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಕಾನೂನು ಬಿಡುವುದಿಲ್ಲ. ಈ ಒಂದು ವಿಷಯಕ್ಕಾಗಿ ನಿಮ್ಮ ಲೆಕ್ಕಪರಿಶೋಧಕರ ಜೊತೆ ಅರ್ಧ ದಿನ ಕೂರಿ.

ಹತ್ತು ವರ್ಷ ಬಳಸಿ 18 ಕೋಟಿಗೆ ಮಾರಿದಿರಿ ಎಂದರೆ ವರ್ಷಕ್ಕೆ 2.4 ಕೋಟಿ ಕರಗಿತು. ನಡುವೆ ಅದರಲ್ಲಿ ಸಿಕ್ಕಿಕೊಂಡ ಸರಾಸರಿ 30 ಕೋಟಿಗೆ ಒಂಬತ್ತು ಪರ್ಸೆಂಟ್ ಬಡ್ಡಿ, 2.7 ಕೋಟಿ. ವಿಮೆ 60 ಲಕ್ಷ. ಇಬ್ಬರು ಪೈಲಟ್‌ಗಳಿಗೆ ಸಂಬಳ, ವರ್ಷವರ್ಷದ ತರಬೇತಿ, ವೈದ್ಯಕೀಯ ತಪಾಸಣೆ ಸೇರಿ ಒಂದು ಕೋಟಿ. ಎಂಜಿನಿಯರ್, ಹ್ಯಾಂಗರ್, ದಾಖಲೆ ನೋಡಿಕೊಳ್ಳುವವರಿಗೆ 75 ಲಕ್ಷ. ಒಟ್ಟು 7.45 ಕೋಟಿ. ಹೆಲಿಕಾಪ್ಟರ್ ಒಂದು ಗಂಟೆಯೂ ಹಾರದೆ ನಿಂತಿದ್ದರೂ ಇಷ್ಟು ಖರ್ಚು. ಆನೆ ಸಾಕಿದವನಿಗೆ ಗೊತ್ತು, ಮೆರವಣಿಗೆ ವರ್ಷಕ್ಕೊಮ್ಮೆ, ಮೇವು ದಿನಾ.

ಹಾರಿದಾಗ ಇಂಧನ, ಬಿಡಿಭಾಗ, ಮುಂದಿನ ಓವರ್‌ಹಾಲಿಗೆ, ಅಂದರೆ ಯಂತ್ರ ಬಿಚ್ಚಿ ಮಾಡುವ ದೊಡ್ಡ ರಿಪೇರಿಗೆ, ತೆಗೆದಿಡುವುದು ಸೇರಿ ಗಂಟೆಗೆ 65 ಸಾವಿರ. ಬಾಡಿಗೆಗೆ ತೆರಿಗೆ ಸೇರಿ 1.77 ಲಕ್ಷ. ವ್ಯತ್ಯಾಸ ಗಂಟೆಗೆ 1.12 ಲಕ್ಷ. 7.45 ಕೋಟಿಯನ್ನು ಈ ವ್ಯತ್ಯಾಸದಿಂದ ತುಂಬಿಸಲು ಬೇಕಾದ್ದು 665 ಗಂಟೆ. ಸಂಡೂರಿಗೆ ವರ್ಷಕ್ಕೆ 295 ಸಲ ಹೋಗಿ ಬರಬೇಕು, ವಾರಕ್ಕೆ ಹೆಚ್ಚುಕಡಿಮೆ ಆರು ದಿನ. ಇಷ್ಟು ಓಡಾಟ ಇರುವವನು ಸಂಡೂರಿನಲ್ಲೇ ಮನೆ ಮಾಡುವುದು ಒಳ್ಳೆಯದು.

ಈ ಲೆಕ್ಕವನ್ನು ನಮ್ಮ ಎಂಡಿ ಮುಂದೆ ಇಟ್ಟ ದಿನ ಅವರು ಬಹಳ ಹೊತ್ತು ಕಾಗದ ನೋಡಿದರು. ಅವರಿಗೆ ಸ್ವಂತದ್ದೊಂದು ಬೇಕೆಂಬ ಆಸೆ ಇತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಿಂದಿನ ವರ್ಷದ ಹಾರಾಟ ಎಷ್ಟೆಂದು ಕೇಳಿದರು. 61 ಗಂಟೆ ಎಂದೆ. ಕಾಗದ ಮಡಚಿ ವಾಪಸ್ ಕೊಟ್ಟರು.

ನಾಲ್ಕನೇ ದಾರಿ, ಕೊಂಡು ಆಪರೇಟರಿಗೆ ಒಪ್ಪಿಸುವುದು, ಮೇಲ್ನೋಟಕ್ಕೆ ಬಹಳ ಚೆನ್ನಾಗಿ ಕಾಣುತ್ತದೆ. ಬಾಡಿಗೆ ಓಡಿಸಲೆಂದು ತಂದ ಯಂತ್ರಕ್ಕೆ ಜಿಎಸ್‌ಟಿ 5 ಪರ್ಸೆಂಟ್ ಮಾತ್ರ. ನೀವು ಬಳಸದ ದಿನ ಅದು ದುಡಿಯುತ್ತದೆ, ಪೈಲಟ್, ಪರವಾನಗಿ, ರಿಪೇರಿಯ ತಲೆನೋವು ಆಪರೇಟರದ್ದು. ಆದರೆ ನಿಮಗೆ ಬೇಕಾದ ದಿನವೇ ಬೇರೆಯವರಿಗೂ ಬೇಕಾಗಿರುತ್ತದೆ, ಅದೂ ಚುನಾವಣೆಯ ತಿಂಗಳಲ್ಲಿ. ಬೇರೆಯವರ ಗಂಟೆಗಳಿಂದ ನಿಮ್ಮ ಯಂತ್ರ ಸವೆಯುತ್ತದೆ. ಬಾಡಿಗೆಯ ಆದಾಯ ವರ್ಷಕ್ಕೆ ಇಷ್ಟು ಬರುತ್ತದೆಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಸಾಲ ಮಾಡಬೇಡಿ, ಕನಿಷ್ಠ ಗಂಟೆಗಳನ್ನು ಕರಾರಿನಲ್ಲಿ ಬರೆಸಿ. ನಿಮ್ಮದೇ ಓಡಾಟ 200 ಗಂಟೆ ದಾಟಿದ್ದರೆ ಈ ದಾರಿಯನ್ನು ಗಂಭೀರವಾಗಿ ನೋಡಬಹುದು. ಕೋಲಾರದ ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಕಂಪನಿಗಳು ಎಚ್125 ಜೋಡಿಸುವ ಘಟಕಕ್ಕೆ ಜಾಗ ಆರಿಸಿಕೊಂಡಿರುವುದರಿಂದ ಬಿಡಿಭಾಗ, ಕೆಲಸಗಾರರು ಇಲ್ಲೇ ಸಿಗುವ ದಿನ ಬರಬಹುದೆಂಬ ಆಸೆ ನನಗಿದೆ. ಆಸೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟೇ.

ರಾಬಿನ್ಸನ್ ಆರ್44 ಎಂಬ ಪುಟ್ಟ ಪಿಸ್ಟನ್ ಹೆಲಿಕಾಪ್ಟರ್ ಬಹಳ ಅಗ್ಗ ಎಂದು ಯಾರಾದರೂ ತೋರಿಸಿದರೆ: ಪೈಲಟ್ ಬಿಟ್ಟು ಮೂರು ಸೀಟು, ಕುಡಿಯುವುದು ಅವ್‌ಗ್ಯಾಸ್ ಎಂಬ ಬೇರೆ ಪೆಟ್ರೋಲು, ಎಲ್ಲ ಕಡೆ ಸಿಗುವುದಿಲ್ಲ, 2,200 ಗಂಟೆ ಅಥವಾ 12 ವರ್ಷಕ್ಕೆ ಪೂರ್ತಿ ಓವರ್‌ಹಾಲ್. ಹಾರಾಟ ಕಲಿಯಲು, ಹವ್ಯಾಸಕ್ಕೆ ಸರಿ. ಕಂಪನಿಯ ಕೆಲಸಕ್ಕೆ ನಾನು ಹೇಳುವುದಿಲ್ಲ.

"ಇವತ್ತು ಬೇಡ"

ಕಣ್ಣಿಗೆ ಕಾಣುವುದನ್ನೇ ನಂಬಿ ಹಾರುವ ಕ್ರಮಕ್ಕೆ ವಿಎಫ್‌ಆರ್ ಎನ್ನುತ್ತಾರೆ. ನಮ್ಮಲ್ಲಿ ಬಾಡಿಗೆ ಹೆಲಿಕಾಪ್ಟರ್‌ಗಳು ಹೆಚ್ಚಾಗಿ ಹಾರುವುದು ಹೀಗೆಯೇ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಮೇಲೆ ಊರಿಂದೂರಿಗೆ ಹೀಗೆ ಹಾರುವಂತಿಲ್ಲ. ಸಭೆ ಆರು ಗಂಟೆಯವರೆಗೆ ಎಳೆದರೆ ವಾಪಸ್ ಬರುವುದು ಕಾರಿನಲ್ಲಿ. ಮೋಡದೊಳಗೆ ನುಗ್ಗಿದ ಕ್ಷಣ ಪೈಲಟ್‌ಗೆ ಮೇಲು ಕೆಳಗು ತಿಳಿಯುವುದಿಲ್ಲ, ಕಿವಿಯೊಳಗಿನ ಸಮತೋಲನವೇ ಸುಳ್ಳು ಹೇಳತೊಡಗುತ್ತದೆ. ದೊಡ್ಡ ದುರಂತಗಳಲ್ಲಿ ಎಷ್ಟೋ ಹೀಗೆ ಆದವು.

2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಹೈದರಾಬಾದಿನಿಂದ ಚಿತ್ತೂರಿಗೆ ಹೊರಟಿದ್ದರು. ಬೆಲ್ 430, ಎರಡು ಎಂಜಿನ್, ಇಬ್ಬರು ಪೈಲಟ್. ನಲ್ಲಮಲ ಕಾಡಿನ ಮೇಲೆ ಕೆಟ್ಟ ಹವೆ. ಐವರೂ ಹೋದರು. 2021ರ ಡಿಸೆಂಬರಿನಲ್ಲಿ ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಇದ್ದ ಸೇನಾ ಹೆಲಿಕಾಪ್ಟರ್ ಬಿದ್ದಾಗಲೂ ತನಿಖೆ ಹೇಳಿದ್ದು, ಕಣಿವೆಯಲ್ಲಿ ಹವೆ ಇದ್ದಕ್ಕಿದ್ದಂತೆ ಬದಲಾಗಿ ಮೋಡ ಹೊಕ್ಕಿತು ಎಂದೇ.

ಕಂಪನಿಗಳು ಪಾಠವಾಗಿ ಓದಬೇಕಾದ್ದು 2020ರ ಜನವರಿ 26ರ ಘಟನೆ. ಲಾಸ್ ಏಂಜಲಿಸ್ ಹತ್ತಿರ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಮತ್ತು ಎಂಟು ಜನ ಸತ್ತರು. ಅದು ಬಾಡಿಗೆ ಹೆಲಿಕಾಪ್ಟರ್. ಎರಡು ಎಂಜಿನ್ನಿನ ಒಳ್ಳೆಯ ಯಂತ್ರ, ಆದರೆ ಆಪರೇಟರಿಗೆ ಇದ್ದ ಪರವಾನಗಿ ಕಣ್ಣಳತೆಯ ಹಾರಾಟಕ್ಕೆ ಮಾತ್ರ. ಮಂಜಿನೊಳಗೆ ಮುಂದುವರಿಯುವ ಪೈಲಟ್‌ನ ನಿರ್ಧಾರವೇ ಕಾರಣ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. ಜೊತೆಗೆ ಇನ್ನೊಂದು ಮಾತು ಸೇರಿಸಿತು: ಗ್ರಾಹಕರನ್ನು ತಲುಪಿಸಲೇಬೇಕೆಂದು ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡಿರಬಹುದಾದ ಒತ್ತಡ, ಮತ್ತು ಕಂಪನಿಯ ಸಡಿಲ ಉಸ್ತುವಾರಿ. ಯಾರೂ ಅವನಿಗೆ ಹೋಗು ಎಂದು ಗದರಿಸಿರಲಿಲ್ಲ.

ಇದನ್ನು ಓದಿದ ಮೇಲೆ ಸ್ವಂತ ಹೆಲಿಕಾಪ್ಟರಿನ ಬಗ್ಗೆ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು. ಸ್ವಂತದ್ದಾದರೆ ಪೈಲಟ್ ನಿಮ್ಮ ನೌಕರ. ಅವನ ಮಗಳ ಕಾಲೇಜು ಫೀಸು, ಮನೆ ಸಾಲ ಎಲ್ಲವೂ ಹಿಂದಿನ ಸೀಟಿನಲ್ಲಿ ಕೂತವರ ಕೈಯಲ್ಲಿದೆ. ಮಾಲೀಕರು ಏನೂ ಹೇಳಬೇಕಿಲ್ಲ, ಗಡಿಯಾರ ನೋಡಿದರೆ ಸಾಕು. ಬಾಡಿಗೆಯ ಒಳ್ಳೆಯ ಆಪರೇಟರ್ ಹತ್ತಿರ ಪೈಲಟ್‌ನ ಬೆನ್ನಿಗೆ ಒಂದು ಕಚೇರಿ ಇರುತ್ತದೆ, ಹವಾಮಾನ ನೋಡುವವರು ಬೇರೆ, ಸುರಕ್ಷತೆಯ ಮುಖ್ಯಸ್ಥರು ಬೇರೆ. ಒಬ್ಬ ಗ್ರಾಹಕ ಸಿಟ್ಟಾದರೆ ಅವನ ಕೆಲಸ ಹೋಗುವುದಿಲ್ಲ. ಒಂದೇ ಹೆಲಿಕಾಪ್ಟರ್ ಇಟ್ಟುಕೊಂಡು ಬಾಡಿಗೆ ತಪ್ಪಿದರೆ ಕಂತು ಕಟ್ಟಲಾಗದ ಆಪರೇಟರ್ ಆದರೆ ಈ ಮಾತು ಬರುವುದಿಲ್ಲ, ಅದನ್ನೂ ನೋಡಿದ್ದೇನೆ. ಸ್ವಂತಕ್ಕೆ ಕೊಳ್ಳಲೇಬೇಕೆಂದು ನಿರ್ಧರಿಸಿದವರು ಪೈಲಟ್‌ನ ಹಾರಾಟದ ತೀರ್ಮಾನ ಎಂಡಿ ಕೈಗೆ ಬರದಂತೆ ಬರಹದಲ್ಲಿ ನಿಯಮ ಮಾಡಿ.

ಎರಡು ಎಂಜಿನ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕಾಡು, ಘಟ್ಟ, ಊರಿನ ಮೇಲೆ ಒಂದು ಎಂಜಿನ್ ನಿಂತರೆ ಇನ್ನೊಂದು ಕಾಯುತ್ತದೆ, ದುಡ್ಡಿದ್ದರೆ ತೆಗೆದುಕೊಳ್ಳಿ. ಬೆಲ್ 429, ಎಚ್145, ಲಿಯೊನಾರ್ಡೊ 109 ಈ ಸಾಲಿನವು. ಬಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಎರಡನೇ ಎಂಜಿನ್ ಮೋಡವನ್ನು ಸರಿಸುವುದಿಲ್ಲ. ನನಗೆ ಎರಡನೇ ಎಂಜಿನ್‌ಗಿಂತ ಎರಡನೇ ಪೈಲಟ್ ಮುಖ್ಯ.

ಇಳಿಯುವ ಜಾಗ

ಹೊರಡುವ ಕಡೆಗಿಂತ ಇಳಿಯುವ ಕಡೆ ಕೆಲಸ ಹೆಚ್ಚು. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವ ಹೊತ್ತಿಗೆ ಹೆಲಿಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಗಾಳಿಗೆ ಎದ್ದವು. ಪೈಲಟ್ ಇಳಿಸದೆ ಮೇಲೆತ್ತಿಕೊಂಡು ಸುತ್ತು ಹಾಕಿ, ಜಾಗ ಸ್ವಚ್ಛವಾದ ಮೇಲೆ ಇಳಿಸಿದರು. ಆ ವಿಡಿಯೋವನ್ನು ನಾನು ನಮ್ಮ ಕಾರ್ಖಾನೆಯ ಭದ್ರತಾ ಸಿಬ್ಬಂದಿಗೆ ಪ್ರತಿ ವರ್ಷ ತೋರಿಸುತ್ತೇನೆ.

ನಮ್ಮ ಕಾರ್ಖಾನೆಯ ಹಿಂದೆ ಗಟ್ಟಿ ನೆಲದ ಮೈದಾನವಿದೆ. ಹಿಂದಿನ ಸಂಜೆ ಟ್ಯಾಂಕರ್ ಕರೆಸಿ ನೀರು ಹೊಡೆಸುತ್ತೇವೆ, ಬೆಳಗ್ಗೆ ಇನ್ನೊಮ್ಮೆ. ಅಲ್ಲಿನ ಕೆಂಪು ಧೂಳು ಒಮ್ಮೆ ಎದ್ದರೆ ಪೈಲಟ್‌ಗೆ ನೆಲವೇ ಕಾಣುವುದಿಲ್ಲ. ಸುಣ್ಣದಲ್ಲಿ ದೊಡ್ಡ ವೃತ್ತ, ಒಳಗೆ ಎಚ್ ಅಕ್ಷರ. ಗಾಳಿ ಯಾವ ಕಡೆಗೆಂದು ತಿಳಿಯಲು ಒಂದು ಮೂಲೆಯಲ್ಲಿ ಹಸಿ ಸೊಪ್ಪಿನ ಹೊಗೆ. ಆಂಬುಲೆನ್ಸ್, ಬೆಂಕಿ ನಂದಿಸುವ ವಾಹನ. ಮೈದಾನದಾಚೆ ರೈತರು ಶೇಂಗಾ ಒಣಗಿಸಿದ್ದರೆ ಮೊದಲೇ ಹೋಗಿ ಕೈ ಮುಗಿದು ಹೇಳಿ ಬರುತ್ತೇವೆ. ಒಮ್ಮೆ ಹೇಳದೆ ಇಳಿಸಿ ಒಬ್ಬ ಅಜ್ಜಿಯ ಕಣದ ಕಾಳೆಲ್ಲ ಹಾರಿಹೋಯಿತು. ಆಕೆ ಸೆರಗು ಒಡ್ಡಿಕೊಂಡು ಕಾಳು ಆರಿಸುತ್ತಿದ್ದುದು ಇನ್ನೂ ಕಣ್ಣ ಮುಂದಿದೆ. ಚೀಲದ ಬೆಲೆ ಕೊಟ್ಟೆವು, ಆದರೂ ನಾಚಿಕೆ ಹೋಗಲಿಲ್ಲ.

ಜಿಲ್ಲಾಡಳಿತ ಮತ್ತು ಪೊಲೀಸರ ಒಪ್ಪಿಗೆ ಮುಂಚಿತವಾಗಿ ಬೇಕು. ಇಳಿಯುವ ಅನುಮತಿಗೆ ಕೇಂದ್ರದ ಹೆಲಿ ಸೇವಾ ಪೋರ್ಟಲ್ ಬಂದ ಮೇಲೆ ಕಾಗದ ಓಡಿಸುವುದು ಸ್ವಲ್ಪ ತಗ್ಗಿದೆ. ವಾಪಸ್ ಬರಲು ಇಂಧನ ಸಾಕೇ ಎಂದೂ ಲೆಕ್ಕ ಹಾಕಿ. ನಾಲ್ಕು ಜನ, ಬಿಸಿಲು, ಮೀಸಲು ಇಂಧನ ಎಲ್ಲ ಕಳೆದರೆ ಒಟ್ಟು 500 ಕಿಲೋಮೀಟರ್ ಹೋಗಿ ಬರುವುದು ಬಿಗಿಯಾಗುತ್ತದೆ. ಆಗ ಆಪರೇಟರ್ ಮುಂಚೆಯೇ ಅಲ್ಲಿಗೆ ಇಂಧನ ಕಳಿಸಿರಬೇಕು.

ಬಿಸಿಲೆಂದರೆ ನೆನಪಾಯಿತು. ಏಪ್ರಿಲ್‌ನಲ್ಲಿ ಬಳ್ಳಾರಿ ಕಡೆ 40 ಡಿಗ್ರಿ ದಾಟಿದಾಗ ಗಾಳಿ ತೆಳುವಾಗಿ ಎತ್ತುವ ಶಕ್ತಿ ಇಳಿಯುತ್ತದೆ. ಆರು ಸೀಟು ಇದೆಯೆಂದು ಆರು ಜನ ಹೋಗಲಾಗದು. ಪ್ರಯಾಣಿಕರ ತೂಕವನ್ನು ಮುಜುಗರ ಬಿಟ್ಟು ನಿಜ ಹೇಳಿ, ಸೂಟ್‌ಕೇಸ್ ಬದಲು ಮೆತ್ತನೆಯ ಚೀಲ ತನ್ನಿ. ನಮ್ಮಲ್ಲಿ ಒಬ್ಬ ಹಿರಿಯ ಅಧಿಕಾರಿಯನ್ನು ಮಧ್ಯಾಹ್ನದ ವಾಪಸ್ ಪ್ರಯಾಣದಲ್ಲಿ ಇಳಿಸಿ ಕಾರಿನಲ್ಲಿ ಕಳಿಸಬೇಕಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅದು ಅವರ ದೊಡ್ಡತನ.

ಸಹಿ ಹಾಕುವ ಮುನ್ನ

ಎನ್‌ಎಸ್‌ಒಪಿ ಪ್ರತಿ ಕೇಳಿ, ನಿಮಗೆ ಕಳಿಸುವ ಹೆಲಿಕಾಪ್ಟರಿನ ವಿಟಿ ಸಂಖ್ಯೆ, ಅಂದರೆ ನೋಂದಣಿ ಸಂಖ್ಯೆ, ಅದರಲ್ಲಿ ಇದೆಯೇ ನೋಡಿ. ಪರವಾನಗಿ ಇರುವವರ ಪಟ್ಟಿಯನ್ನು ಡಿಜಿಸಿಎ ತನ್ನ ತಾಣದಲ್ಲೇ ಹಾಕುತ್ತದೆ. ಕೊನೆ ಗಳಿಗೆಯಲ್ಲಿ ಬೇರೆ ಯಂತ್ರ ಬಂದರೆ ಅದರ ಸಂಖ್ಯೆಯನ್ನೂ ನೋಡಿ. ವಿಮೆಯಲ್ಲಿ ಪ್ರಯಾಣಿಕರ ಹೊಣೆಯ ಮೊತ್ತ ಎಷ್ಟು, ಪೈಲಟ್ ಒಟ್ಟು ಎಷ್ಟು ಗಂಟೆ ಹಾರಿದ್ದಾರೆ ಮತ್ತು ಇದೇ ಮಾದರಿಯಲ್ಲಿ ಎಷ್ಟು ಗಂಟೆ ಎಂದು ಬೇರೆಬೇರೆಯಾಗಿ ಕೇಳಿ. ಅಪಘಾತ ತನಿಖಾ ಸಂಸ್ಥೆಯ ವರದಿಗಳು ಸಾರ್ವಜನಿಕವಾಗಿ ಸಿಗುತ್ತವೆ, ಆ ಆಪರೇಟರ್ ಹೆಸರಿದ್ದರೆ ಪೂರ್ತಿ ಓದಿ. ಹೆಸರಿದೆ ಎಂದಾಕ್ಷಣ ಬಿಡಬೇಕಿಲ್ಲ, ಆಮೇಲೆ ಏನು ಬದಲಿಸಿದಿರಿ ಎಂದು ಕೇಳಿ.

ಒಂದು ಪ್ರಶ್ನೆ ನಾನು ತಪ್ಪದೆ ಕೇಳುತ್ತೇನೆ: "ಕಳೆದ ವರ್ಷ ಹವಾಮಾನಕ್ಕಾಗಿ ಎಷ್ಟು ಹಾರಾಟ ನಿಲ್ಲಿಸಿದಿರಿ?" ಒಂದೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದವರಿಗೆ ನಮ್ಮ ಕಂಪನಿ ಕೆಲಸ ಕೊಡುವುದಿಲ್ಲ.

ವರ್ಷಕ್ಕೆ 20–25 ಗಂಟೆಯ ಒಳಗಿನವರು ಬೇಕಾದಾಗ ಬಾಡಿಗೆ ಹಿಡಿಯಿರಿ, ಇಬ್ಬರು ಆಪರೇಟರ್‌ಗಳನ್ನು ಪರಿಚಯ ಮಾಡಿಟ್ಟುಕೊಳ್ಳಿ. ಅದಕ್ಕೆ ಮೇಲೆ ಹೋದರೆ ವರ್ಷದ ಕರಾರು. ನಾವು ಅದನ್ನೇ ಮಾಡಿದೆವು, 60 ಗಂಟೆಗೆ. ಚುನಾವಣೆಯ ಕಾಲದಲ್ಲೂ ಅದೇ ದರ, ಇಬ್ಬರು ಪೈಲಟ್, ಬೆಂಗಳೂರಿನಲ್ಲೇ ನಿಲ್ಲುವ ಯಂತ್ರ. ಕರಡು ಬಂದಾಗ ಅದರಲ್ಲಿ ಒಂದು ಸಾಲು ನಾನು ಸೇರಿಸಿದೆ: ಹವಾಮಾನ ಸರಿಯಿಲ್ಲವೆಂದು ಪೈಲಟ್ ಹಾರಾಟ ರದ್ದು ಮಾಡಿದರೆ ಆ ದಿನದ ಕನಿಷ್ಠ ಎರಡು ಗಂಟೆಯ ಬಾಡಿಗೆಯನ್ನು ನಾವು ಕೊಡುತ್ತೇವೆ, ಕಾರಣ ಕೇಳುವುದಿಲ್ಲ. ಲೆಕ್ಕಪತ್ರ ವಿಭಾಗದವರು ಇದೇನು ದಾನವೇ ಎಂದು ಕೇಳಿದರು. ಎಂಡಿ ಆ ಸಾಲಿನ ಕೆಳಗೆ ಗೆರೆ ಎಳೆದು, ನೀರಿನ ಟ್ಯಾಂಕಿನ ಕಥೆ ಅವರಿಗೂ ಹೇಳಿ, ಸಹಿ ಹಾಕಿದರು.